ಆಸ್ತಿಯ ವಾದದಲ್ಲಿ ಬಿಡಿಸಿ ಕೇಳಬೇಕಾದ ಪ್ರಶ್ನೆಗಳು

ಸ್ನೇಹಿತರೇ,

‘ದುಡಿದದ್ದು ನನ್ನದು, ಸರ್ಕಾರ ಅದರಲ್ಲಿ ಪಾಲು ಕೇಳುವುದೇಕೆ?’ ಎಂದು ಒಬ್ಬರು ಕೇಳುತ್ತಾರೆ. ‘ಕೆಲವರಲ್ಲಿ ಕೊಳೆಯುವಷ್ಟಿದೆ, ಹಲವರಿಗೆ ಹೊಟ್ಟೆಗಿಲ್ಲ, ಇದನ್ನು ಹೀಗೇ ಬಿಡುವುದೇ?’ ಎಂದು ಇನ್ನೊಬ್ಬರು. ಮೊದಲನೆಯವರ ಪ್ರಶ್ನೆ ಆಸ್ತಿ ಬಂದ ದಾರಿಯದು; ಎರಡನೆಯವರದು ಇವತ್ತಿನ ಹಂಚಿಕೆಯದು. ಇವೆರಡನ್ನು ಬಿಡಿಸಿಕೊಳ್ಳದೆ ವಾದಕ್ಕಿಳಿದರೆ ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆಗೆ ತಾಗುವುದೇ ಇಲ್ಲ.

ದಾರಿಯ ಪ್ರಶ್ನೆಯನ್ನೇ ಮೊದಲು ನೋಡೋಣ. ಹೆಚ್ಚು ಎಡವುವುದು ಇಲ್ಲೇ. ಯಾರಿಗೂ ಸೇರದ ನೆಲದಲ್ಲಿ ದುಡಿದವನಿಗೆ ಆ ನೆಲ ಸೇರುತ್ತದೆ ಎಂದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲಿ ವಾದಿಸಿದ. ಈ ಮಾತನ್ನು ಎತ್ತಿ ಹಿಡಿಯುವವರು ಅವನ ಷರತ್ತನ್ನು ಬಿಟ್ಟುಬಿಡುತ್ತಾರೆ: ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಶ್ರಮ ಬೆರೆಸಿದರೆ ಎಷ್ಟು ನನ್ನದಾಗುತ್ತದೆ ಎಂಬುದೂ ತೊಡಕಿನದೇ. ಒಂದು ಡಬ್ಬಿ ಟೊಮೆಟೊ ರಸವನ್ನು ಸಮುದ್ರಕ್ಕೆ ಸುರಿದರೆ ಸಮುದ್ರ ನನ್ನದಾಯಿತೇ, ಇಲ್ಲ ರಸ ಹೋಯಿತೇ ಎಂದು 1974ರಲ್ಲಿ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ ಕೇಳಿದ. ಖಾಸಗಿ ಆಸ್ತಿಯ ಕಟ್ಟಾ ಸಮರ್ಥಕ ಆತ. ಆತನ ಪ್ರಕಾರ ಮೊದಲ ಗಳಿಕೆ ನ್ಯಾಯವಾಗಿರಬೇಕು, ಕೈಬದಲಾವಣೆ ನ್ಯಾಯವಾಗಿರಬೇಕು, ಹಿಂದೆ ಅನ್ಯಾಯವಾಗಿದ್ದರೆ ಅದನ್ನು ಸರಿಪಡಿಸಬೇಕು. ಈ ಮೂರನೆಯದು ಚರ್ಚೆಗೆ ಬರುವುದೇ ಅಪರೂಪ. ಕಿತ್ತುಕೊಂಡ ನೆಲ ಹತ್ತು ಕೈ ದಾಟಿ ಬಂದಿದ್ದರೆ ‘ನಾನು ದುಡ್ಡು ಕೊಟ್ಟೇ ಕೊಂಡೆ’ ಎಂಬುದು ನೋಜಿಕ್ ಲೆಕ್ಕದಲ್ಲೂ ಪೂರ್ತಿ ಉತ್ತರವಲ್ಲ.

ಹಂಚಿಕೆಯ ಪರ ನಿಲ್ಲುವವರಿಗೂ ಅವನೊಂದು ಕಠಿಣ ಪ್ರಶ್ನೆ ಇಟ್ಟಿದ್ದಾನೆ. ಎಲ್ಲರಿಗೂ ಸಮವಾಗಿ ಹಂಚಿದ್ದಾಯಿತು ಅನ್ನಿ. ಒಬ್ಬ ಆಟಗಾರನನ್ನು ನೋಡಲು 10 ಲಕ್ಷ ಜನ ಮನಸಾರೆ ತಲಾ 25 ಸೆಂಟ್ ಕೊಟ್ಟರು. ಅವನ ಕೈಯಲ್ಲೀಗ 2.5 ಲಕ್ಷ ಡಾಲರ್. ಸಮಾನತೆ ಮುರಿಯಿತು, ತಪ್ಪು ಮಾಡಿದವರು ಯಾರು? ‘ಶ್ರೀಮಂತಿಕೆಯೇ ತಪ್ಪು’ ಎಂದರೆ ವಾದ ಸೋತಂತೆ. ಸಮಾನತೆಯ ಪರ ವಾದಿಸಿದ ತತ್ವಜ್ಞಾನಿ ಜಿ.ಎ. ಕೋಹೆನ್ ಕೊಟ್ಟ ಉತ್ತರ ಗಟ್ಟಿಯಾದದ್ದು: ಕೂಡಿದ ಹಣ ಅಧಿಕಾರವಾಗಿ ತಿರುಗಿದರೆ ಅದರ ಬಿಸಿ ಟಿಕೆಟ್ ಕೊಳ್ಳದವರಿಗೂ, ಇನ್ನೂ ಹುಟ್ಟದ ಮಕ್ಕಳಿಗೂ ತಟ್ಟುತ್ತದೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ವಾದಕ್ಕೆ ಕೂತಾಗ ಎದುರಿನವರ ನಿಲುವನ್ನು ಮೊದಲು ನೀವೇ ಹೇಳಿ; ‘ಹೌದು, ನಾನು ಹೇಳುವುದು ಅದನ್ನೇ’ ಎಂದು ಅವರು ಒಪ್ಪುವವರೆಗೆ ಮುಂದುವರಿಯಬೇಡಿ. ಆಮೇಲೆ, ತೆರಿಗೆ ಬೇಡವೆನ್ನುವವರನ್ನು ಕೇಳಿ: ‘ತೆರಿಗೆ ಏರಿಸಿದರೂ ಹೂಡಿಕೆ ಕುಗ್ಗದು ಎಂದು ಸಾಬೀತಾದರೆ ನಿಲುವು ಬದಲಿಸುತ್ತೀರಾ?’ ಬದಲಿಸುವುದಾದರೆ ಅಂಕಿಅಂಶ ನೋಡಬಹುದು. ಇಲ್ಲ ಎಂದರೆ ಚರ್ಚೆ ಹಕ್ಕಿನದು, ಅಂಕಿಗಳ ರಾಶಿ ಹಾಕಿ ಫಲವಿಲ್ಲ. ಇನ್ನೊಂದು ಬದಿಗೆ, ಅಂದರೆ ಹಂಚಿಕೆಯ ಪರ ನಿಲ್ಲುವವರಿಗೆ, ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್‌ನ ಪ್ರಶ್ನೆ ಕೇಳಿ: ‘ಅಂತರ ಹಿಗ್ಗಿದರೂ ಅತ್ಯಂತ ಕೆಳಗಿನವರ ಬದುಕು ಅದರಿಂದಲೇ ಸುಧಾರಿಸುವುದಾದರೆ ಒಪ್ಪುತ್ತೀರಾ?’ 1971ರ ತನ್ನ ಕೃತಿಯಲ್ಲಿ ಆತ ಅಂಥ ಅಂತರವನ್ನು ಒಪ್ಪಿದ್ದಾನೆ; ಅವನನ್ನು ಸಂಪೂರ್ಣ ಸಮಾನತೆಯ ವಕ್ತಾರನೆಂದು ಭಾವಿಸುವುದು ತಪ್ಪು.

ಸರ್ಕಾರದ ವಿಷಯ ಬೇರೆಯೇ. ಹಂಚಿಕೆ ಅನ್ಯಾಯವೆಂದು ಒಪ್ಪಿದ ಮಾತ್ರಕ್ಕೆ ಸರ್ಕಾರದ ಕೈಗೇ ಕೊಡಬೇಕೆಂದಾಗುವುದಿಲ್ಲ. ಅಧಿಕಾರಿಗಳು ಭ್ರಷ್ಟರೆಂದ ಮಾತ್ರಕ್ಕೆ ಹಂಚಿಕೆ ನ್ಯಾಯವೂ ಆಗುವುದಿಲ್ಲ. ಸರ್ಕಾರ ದೂರವೇ ಇರಲಿ ಎನ್ನುವವರು, ನೋಂದಣಿ ಕಚೇರಿ, ನ್ಯಾಯಾಲಯ, ಪೊಲೀಸರಿಲ್ಲದೆ ತಮ್ಮ ಹಕ್ಕುಪತ್ರವನ್ನು ಕಾಯುವವರು ಯಾರು, ಆ ಖರ್ಚು ಯಾರ ತೆರಿಗೆಯಿಂದ ಎಂಬುದಕ್ಕೂ ಉತ್ತರ ಕೊಡಬೇಕು.