ಹಾಲು ಅನ್ನ ತಿಂದು ಬೆಳೆದ ಮರಿ

ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ಹಂಚಿನ ಮೇಲೆ ಬೀಳೋ ಸದ್ದು ನಿಮಗೂ ಕೇಳಿಸಬಹುದು. ಕೊಡಗಿನ ಸುಂಟಿಕೊಪ್ಪದ ಈ ಕಡೆ ಜುಲೈ ತಿಂಗಳಲ್ಲಿ ಮಳೆ ಬಿಡಲಿ ಅಂತ ಕಾದರೆ ಮಾತಾಡೋದಕ್ಕೇ ಆಗಲ್ಲ. ಅದಕ್ಕೆ ಹಾಗೇ ಶುರು ಮಾಡ್ತಿದ್ದೀನಿ.

ನನ್ನ ಕಾಲ ಹತ್ತಿರ ಕರಿಯ ಮಲಗಿದ್ದಾನೆ. ನಾಲ್ಕು ವರ್ಷದ ನಾಯಿ. ಅವನ ಎಡ ಮುಂಗಾಲು ಗಿಣ್ಣಿನಿಂದ ಕೆಳಗೆ ಸ್ವಲ್ಪ ಹೊರಗಡೆ ತಿರುಗಿದೆ. ಮನೆಗೆ ಬಂದವರೆಲ್ಲ ಕೇಳ್ತಾರೆ, "ಏನು, ಗಾಡಿ ಗೀಡಿ ತಾಗಿತ್ತಾ?" ಅಂತ. ಯಾವ ಗಾಡಿಯೂ ತಾಗಿಲ್ಲ. ಅವನು ಮರಿಯಾಗಿದ್ದಾಗ ನಾನು ಹಾಕಿದ ಊಟದಿಂದ ಆದದ್ದು ಅದು.

ಮೇ ಕೊನೆಯಲ್ಲಿ ನಮ್ಮ ತೋಟದ ಕೆಲಸದವರು ಇರೋ ಲೈನ್ ಮನೆಯಿಂದ ಅವನನ್ನು ತಂದಿದ್ದೆ. ಆಗ ಎರಡು ತಿಂಗಳ ಮರಿ, ಒಂದು ಕೈಯಲ್ಲಿ ಎತ್ತಬಹುದಿತ್ತು. ಜೂನ್ ಬಂತು, ಮಳೆ ಹಿಡೀತು, ಮರಿ ಒಳಗೇ ಉಳೀತು. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಹಾಲು ಕಲಸಿದ ಅನ್ನ, ರಾತ್ರಿ ಮತ್ತೆ ಅದೇ. ನಮ್ಮ ಅತ್ತೆ ಹಾಗೇ ಸಾಕಿದ್ದು, ಅವರ ಅಮ್ಮನೂ ಹಾಗೇ ಸಾಕಿದ್ದು. ತಟ್ಟೆ ನೆಕ್ಕಿ ನೆಕ್ಕಿ ತಿಂತಿತ್ತು, ಹೊಟ್ಟೆ ಗುಂಡಗೆ ಇತ್ತು. ಇನ್ನೇನು ಬೇಕು ಅಂದುಕೊಂಡೆ.

ಆಗಸ್ಟ್ ಕೊನೆಗೆ ಅವನು ಜಗಲಿ ಮೆಟ್ಟಿಲು ಹತ್ತೋದನ್ನು ಬಿಟ್ಟ. ಮೂರೇ ಮೆಟ್ಟಿಲು. ಕೆಳಗೆ ನಿಂತು ನನ್ನ ಮುಖ ನೋಡ್ತಿದ್ದ. ಎತ್ತಿಕೊಂಡಾಗ ಮುಂಗಾಲಿನ ಗಿಣ್ಣು ಎರಡೂ ನೆಲ್ಲಿಕಾಯಿ ಹಾಗೆ ಉಬ್ಬಿದ್ದವು. ನೆಲಕ್ಕೆ ಬಿಟ್ಟರೆ ಕಾಲು ಬಿಲ್ಲಿನ ಹಾಗೆ ಬಾಗೋದು.

ಡಾಕ್ಟ್ರು ಮುಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಏನು ಹಾಕ್ತೀರಮ್ಮ ಇವನಿಗೆ?" "ಹಾಲು ಅನ್ನ ಡಾಕ್ಟ್ರೇ." "ಅಷ್ಟೇನಾ?" "ಅಷ್ಟೇ." ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಅನ್ನಿಸ್ತು. ಎಕ್ಸ್‌ರೇ ಫಿಲಂ ಕಿಟಕಿಗೆ ಹಿಡಿದು ತೋರಿಸಿದರು. ಮೂಳೆ ತೆಳ್ಳಗೆ ನೆರಳಿನ ಹಾಗೆ ಕಾಣ್ತಿತ್ತು. ರಿಕೆಟ್ಸ್ ಅಂದರು, ಬೆಳೆಯೋ ಮೂಳೆ ಮೆತ್ತಗಾಗಿ ಬಾಗೋ ಕಾಯಿಲೆ.

"ಮಳೆಗಾಲ ಅಲ್ವಾ, ಬಿಸಿಲು ಬೀಳಲಿಲ್ಲ, ಅದಕ್ಕೇ ಇರಬೇಕು" ಅಂದೆ. ಆಗಲೇ ನನಗೆ ಗೊತ್ತಾದದ್ದು. ನಮ್ಮ ಚರ್ಮಕ್ಕೆ ಬಿಸಿಲು ಬಿದ್ದರೆ ಮೂಳೆ ಗಟ್ಟಿಯಾಗೋಕೆ ಬೇಕಾದ ವಿಟಮಿನ್ ಡಿ ತಯಾರಾಗ್ತದೆ. ನಾಯಿಗೆ ಬಿಸಿಲಿಂದ ಬೇಕಾದಷ್ಟು ತಯಾರಾಗಲ್ಲ. ಊಟದಲ್ಲೇ ಬರಬೇಕು. ಅಂದರೆ ನಾನು ಜನವರಿ ಬಿಸಿಲಲ್ಲಿ, ಕಾಫಿ ಕಣದಲ್ಲಿ ಅವನನ್ನು ದಿನವಿಡೀ ಬಿಟ್ಟಿದ್ದರೂ ಆ ಹಾಲು ಅನ್ನದಲ್ಲಿ ಅವನ ಕಾಲು ಉಳೀತಿರಲಿಲ್ಲ.

ಲೆಕ್ಕ ನೋಡಿ. ನಾಯಿ ಊಟಕ್ಕೆ ಅಮೆರಿಕದ ಆಫ್ಕೊ ಅನ್ನೋ ಸಂಸ್ಥೆ ಕನಿಷ್ಠ ಅಳತೆಗಳನ್ನು ಇಟ್ಟಿದೆ, ಬಹಳಷ್ಟು ಕಂಪನಿಗಳು ಅದನ್ನೇ ಅನುಸರಿಸ್ತವೆ. ಬೆಳೆಯೋ ಮರಿಗೆ 1000 ಕ್ಯಾಲೊರಿ ಊಟಕ್ಕೆ 3 ಗ್ರಾಂ ಕ್ಯಾಲ್ಸಿಯಂ ಇರಬೇಕು. ಕರಿಯ ಆಗ ದಿನಕ್ಕೆ ಸುಮಾರು 600 ಕ್ಯಾಲೊರಿ ತಿನ್ನೋ ಗಾತ್ರ. ಅಂದರೆ 1.8 ಗ್ರಾಂ ಬೇಕಿತ್ತು. 200 ಮಿಲಿ ಹಸುವಿನ ಹಾಲಲ್ಲಿ ಇರೋದು ಕಾಲು ಗ್ರಾಂ ಅಷ್ಟೇ. ಅನ್ನದಲ್ಲಿ ಏನೂ ಇಲ್ಲ ಅಂದರೂ ತಪ್ಪಲ್ಲ. ಇನ್ನು ಪ್ರೋಟೀನು, ನೀರಿನಂಶ ಬಿಟ್ಟು ನೋಡಿದರೆ ಮರಿ ಊಟದಲ್ಲಿ 22.5 ಶೇಕಡಾ ಇರಬೇಕು, ಅಕ್ಕಿಯಲ್ಲಿ ಇರೋದು ಏಳೆಂಟು. ಹೊಟ್ಟೆ ಗುಂಡಗಿತ್ತು ಅಂದೆನಲ್ಲ, ಆ ಗುಂಡು ಹೊಟ್ಟೆಯೇ ನನಗೆ ಮೋಸ ಮಾಡಿದ್ದು.

ನನ್ನನ್ನು ಇವತ್ತಿಗೂ ಕಾಡೋದು ಇನ್ನೊಂದು ಸಂಗತಿ. ಮಕ್ಕಳ ರಿಕೆಟ್ಸ್‌ಗೆ ಕಾರಣ ಊಟದಲ್ಲಿದೆ ಅಂತ ಜಗತ್ತಿಗೆ ಗೊತ್ತಾದದ್ದೇ ನಾಯಿಮರಿಗಳಿಂದ. 1919ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್ಬಿ ಅನ್ನೋ ವೈದ್ಯ ಮರಿಗಳನ್ನು ಮನೆಯೊಳಗೇ ಇಟ್ಟು, ಓಟ್ಸ್ ಗಂಜಿಯಂಥ ಊಟದಲ್ಲಿ ಬೆಳೆಸಿದ. ಅವುಗಳ ಕಾಲು ಸೊಟ್ಟಗಾದವು. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟಾಗ ಸರಿಹೋದವು. ಆ ತಿಳಿವಳಿಕೆಯಿಂದ ನಮ್ಮ ಮಕ್ಕಳ ಕಾಲು ನೆಟ್ಟಗಾಯ್ತು. ನೂರು ವರ್ಷ ಕಳೆದರೂ ನಾವು ಮರಿಗೆ ಗಂಜಿಯನ್ನೇ ಹಾಕ್ತಿದ್ದೀವಿ.

ಅದಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಾಯಿ ಊಟಕ್ಕೆ ನಿಮ್ಮ ಹತ್ತಿರ ಇರೋ ದುಡ್ಡು, ಸಮಯ, ತಲೆ ಎಲ್ಲಾ ಮೊದಲನೇ ವರ್ಷಕ್ಕೆ ಹಾಕಿ. ನಮ್ಮಲ್ಲಿ ಮಾಡೋದು ಉಲ್ಟಾ. ಮರಿಗೆ ಹಾಲು ಅನ್ನ ಸಾಕು ಅಂತೀವಿ, ದೊಡ್ಡದಾಗಿ ತೋಟ ಕಾಯೋಕೆ ಶುರು ಮಾಡಿದ ಮೇಲೆ ಒಳ್ಳೇ ಡಾಗ್ ಫುಡ್ ತರ್ತೀವಿ. ಮೂಳೆ ಆಗಲೇ ಕಟ್ಟಿ ಮುಗಿದಿರ್ತದೆ.

ಪ್ಯಾಕೆಟ್ ಆರಿಸುವಾಗ ಮುಂದಿನ ಚಿತ್ರ ನೋಡಬೇಡಿ. ಚಿಕನ್ ತುಂಡು, ಕ್ಯಾರೆಟ್ಟು, ತೋಳದ ಮುಖ, ಅದೆಲ್ಲ ಮಾರೋದಕ್ಕೆ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. "ಕಂಪ್ಲೀಟ್ ಆಂಡ್ ಬ್ಯಾಲೆನ್ಸ್ಡ್" ಅಂತ ಇರಬೇಕು, ಅದರ ಜೊತೆಗೆ "ಗ್ರೋತ್" ಅಥವಾ "ಆಲ್ ಲೈಫ್ ಸ್ಟೇಜಸ್" ಅಂತ ಇರಬೇಕು. "ಅಡಲ್ಟ್ ಮೇಂಟೆನೆನ್ಸ್" ಅಂತಿದ್ದರೆ ಮರಿಗೆ ಬೇಡ. ಪದಾರ್ಥಗಳ ಪಟ್ಟಿಯಲ್ಲಿ ಚಿಕನ್ ಮೊದಲಿದೆ ಅಂತ ಮರುಳಾಗಬೇಡಿ, ಆ ಪಟ್ಟಿ ತೂಕದ ಪ್ರಕಾರ, ಹಸಿ ಮಾಂಸದ ತೂಕದಲ್ಲಿ ಬಹುಪಾಲು ನೀರೇ ಇರ್ತದೆ.

ಲ್ಯಾಬ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಸಾಕೋರು ಇನ್ನೂ ಒಂದು ಕೇಳಿ. ಮೂಳೆ ಗಟ್ಟಿಯಾಗಲಿ ಅಂತ ಪಪ್ಪಿ ಫುಡ್ ಮೇಲೆ ಕ್ಯಾಲ್ಸಿಯಂ ಟಾನಿಕ್ ಸುರೀಬೇಡಿ. ಸಣ್ಣ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯೋ ಶಕ್ತಿ ಇನ್ನೂ ಬಂದಿರಲ್ಲ, ಒಳಗೆ ಎಳೆದುಕೊಂಡುಬಿಡ್ತದೆ. ದೊಡ್ಡ ತಳಿಯ ಮರಿಗಳಲ್ಲಿ ಇದರಿಂದಲೂ ಮೂಳೆ ಕೆಡ್ತದೆ. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ.

"ನಾಯಿ ತೋಳದ ಜಾತಿ, ಬರೀ ಮಾಂಸ ಹಾಕಿ" ಅನ್ನೋರು ಇದ್ದಾರೆ. ಒಪ್ಪಲ್ಲ. ಪಿಷ್ಟ ಅರಗಿಸೋ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ಅಂತ 2013ರಲ್ಲೇ ವಿಜ್ಞಾನಿಗಳು ತೋರಿಸಿದರು. ಅನ್ನ ಅವಕ್ಕೆ ವಿಷವಲ್ಲ. ಅನ್ನ ಮಾತ್ರ ಹಾಕೋದು ತಪ್ಪು. ಮೂಳೆ ಇಲ್ಲದ ಮಾಂಸ ಮಾತ್ರ ಹಾಕೋದೂ ಅಷ್ಟೇ ತಪ್ಪು, ಅದರಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ತೀರಾ ಕಡಿಮೆ.

ಮನೆ ಅಡುಗೆಯಲ್ಲೇ ಸಾಕ್ತೀನಿ ಅನ್ನೋರ ಪ್ರೀತಿ ನನಗೆ ಅರ್ಥ ಆಗ್ತದೆ. ಆದರೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಪುಸ್ತಕ, ಇಂಟರ್ನೆಟ್ಟಿನಿಂದ 200 ಮನೆ ಅಡುಗೆ ಪಟ್ಟಿಗಳನ್ನು ತೆಗೆದು ಪರೀಕ್ಷೆ ಮಾಡಿದರು, 190ರಲ್ಲಿ ಒಂದಾದರೂ ಮುಖ್ಯ ಪೋಷಕಾಂಶ ಕಡಿಮೆ ಇತ್ತು. ಅಳೆದು ಬರೆದ ಪಟ್ಟಿಗಳ ಕತೆಯೇ ಹೀಗೆ. ಡಾಕ್ಟರ ಹತ್ತಿರ ಕೂತು, ತೂಕ ಹೇಳಿ, ಏನು ಎಷ್ಟು ಸೇರಿಸಬೇಕು ಅಂತ ಬರೆಸಿಕೊಂಡು ಮಾಡಿ. ಮರಿಗಂತೂ ಅಂದಾಜಿನ ಅಡುಗೆ ಬೇಡ.

ಈಗ ನಮ್ಮ ಊರಿನ ಮಾತು, ಮಳೆಗಾಲದ ಮಾತು. ಅಂಗಡಿಗಳಲ್ಲಿ ಇಪ್ಪತ್ತು ಕಿಲೋ ಚೀಲ ಬಾಯಿ ಬಿಚ್ಚಿಟ್ಟು, ಲೂಸಲ್ಲಿ ಅರ್ಧ ಕಿಲೋ, ಒಂದು ಕಿಲೋ ತೂಗಿ ಕೊಡ್ತಾರೆ. ನಾನೂ ಒಂದು ವರ್ಷ ಹಾಗೇ ತಂದೆ. ಜುಲೈನಲ್ಲಿ ಒಂದು ದಿನ ಕವರ್ ಬಿಚ್ಚಿದಾಗ ಹಳೇ ಎಣ್ಣೆಯ ಕಮಟು ವಾಸನೆ. ಕಾಳು ಎರಡು ಬೆರಳಲ್ಲಿ ಒತ್ತಿದರೆ ಮುರೀಲಿಲ್ಲ, ಬಗ್ಗಿತು. ಒಂದನ್ನು ಒಡೆದು ನೋಡಿದರೆ ಒಳಗೆ ಬೂದು ಬಣ್ಣದ ಎಳೆ. ಇಲ್ಲಿ ಬಟ್ಟೆ ಒಣಗೋದಿಲ್ಲ, ಬೆಂಕಿಪೆಟ್ಟಿಗೆ ಕಡ್ಡಿ ಹತ್ತೋದಿಲ್ಲ, ಚಪ್ಪಲಿಗೆ ಬೂಷ್ಟು ಹಿಡೀತದೆ. ತೆರೆದಿಟ್ಟ ಚೀಲ ಹೇಗೆ ಉಳೀತದೆ ಹೇಳಿ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರನ್ನೇ ಕೆಡಿಸ್ತದೆ, ಬೇಯಿಸಿದರೂ ಹೋಗಲ್ಲ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಈ ವಿಷ ಇದ್ದ ಡಾಗ್ ಫುಡ್ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತವು ಅಂತ ವರದಿಯಾಗಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೂಸಲ್ಲಿ ತರಲೇಬೇಡಿ. ಸಣ್ಣ ಪ್ಯಾಕೆಟ್ ತನ್ನಿ, ತಿಂಗಳಲ್ಲಿ ಮುಗಿಯೋ ಅಷ್ಟು. ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ, ಪ್ಯಾಕೆಟ್ ಬಿಸಾಡಿದರೆ ತಾರೀಖು ಗೊತ್ತಾಗಲ್ಲ. ನನ್ನ ಡಬ್ಬಿ ಅಡುಗೆಮನೆಯಲ್ಲಿ, ಒಲೆಯಿಂದ ಸ್ವಲ್ಪ ದೂರ, ಒಣಗಿದ ಮೂಲೆಯಲ್ಲಿದೆ. ದುಬಾರಿ ಬ್ರಾಂಡು ಬೂಷ್ಟು ಹಿಡಿಸಿಕೊಳ್ಳೋದಕ್ಕಿಂತ ಸಾಧಾರಣ ಬ್ರಾಂಡು ಒಣಗಿರೋದು ಮೇಲು.

ಹಬ್ಬದ ದಿನ ನೆಂಟರ ಕೈ ತಡೀರಿ. ಕೈಲ್ ಪೊಳ್ದ್ ಇರಲಿ, ಪುತ್ತರಿ ಇರಲಿ, ಹಂದಿ ಕರಿ ಉಳಿದರೆ ನಾಯಿ ತಟ್ಟೆಗೆ ಬೀಳ್ತದೆ. ಅದರಲ್ಲಿರೋ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೀತದೆ, ಅಷ್ಟು ಕೊಬ್ಬು ಒಟ್ಟಿಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ಹೋಂಮೇಡ್ ಚಾಕೊಲೇಟು, ದ್ರಾಕ್ಷಿ, ವೈನು, ಕಾಫಿ ಪುಡಿ, ತೋಟದಲ್ಲಿ ಮಕಡೇಮಿಯಾ ಹಾಕಿದ್ದರೆ ಅದರ ಬೀಜ, ಇವೂ ನಾಯಿಗೆ ಸಿಗಬಾರದು.

ನಾಯಿ ದೊಡ್ಡದಾದ ಮೇಲೆ ಅಳತೆ ನಿಮ್ಮ ಕೈಯಲ್ಲೇ ಇದೆ. ಪಕ್ಕೆಲುಬಿನ ಮೇಲೆ ಬೆರಳಾಡಿಸಿ. ಅಂಗೈ ಮಡಚದೆ ಚಾಚಿ, ಅದರ ಹಿಂಭಾಗ ಮುಟ್ಟಿದರೆ ಮೂಳೆ ಹೇಗೆ ಸಿಗ್ತದೋ ಹಾಗೆ ಸಿಕ್ಕಬೇಕು. ಅಂಗೈಯ ಹಾಗೆ ಮೆತ್ತಗಿದ್ದರೆ ಊಟ ಜಾಸ್ತಿಯಾಗಿದೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯೋವರೆಗೂ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಬಂತು. ಕಾಲು ಭಾಗ ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು.

ಕರಿಯನಿಗೆ ಊಟ ಬದಲಾಯಿಸಿದ ಎರಡು ತಿಂಗಳಲ್ಲಿ ಬಲಗಾಲು ನೆಟ್ಟಗಾಯ್ತು. ಮೆಟ್ಟಿಲು ಹತ್ತಿದ. ಎಡಗಾಲು ಮಾತ್ರ ಹಾಗೇ ಉಳೀತು. ಚಳಿ ಜಾಸ್ತಿಯಾದಾಗ ಕುಂಟ್ತಾನೆ, ನಾನು ಒಲೆ ಹತ್ತಿರ ಗೋಣಿ ಹಾಸಿಕೊಡ್ತೀನಿ.

ಅದೇ ಲೈನ್ ಮನೆಯ ನಾಯಿ ಮತ್ತೆ ಹಾಕಿದ ಮರಿಗಳಿಗೆ ಹೋದ ವಾರ ಆರು ವಾರ ತುಂಬ್ತು. ಅಲ್ಲಿರೋ ಹುಡುಗಿ ಬಂದು ಕೇಳಿದಳು, "ಅಕ್ಕಾ, ಹಾಲು ಅನ್ನ ಶುರು ಮಾಡ್ಲಾ?" ಪಪ್ಪಿ ಫುಡ್ ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ಮೆತ್ತಗೆ ಮಾಡಿ, ದಿನಕ್ಕೆ ನಾಲ್ಕು ಸಲ ಹಾಕು ಅಂದೆ. "ದುಬಾರಿ ಅಲ್ವಾ ಅಕ್ಕಾ" ಅಂದಳು. ನಿಜ, ಅವಳ ಕೂಲಿಗೆ ದುಬಾರಿ. ಅದಕ್ಕೆ ಚೀಲ ನಾನೇ ಕೊಡ್ತಿದ್ದೀನಿ. ಐದು ಮರಿಯಲ್ಲಿ ನಾಲ್ಕಕ್ಕೆ ಮನೆ ಸಿಕ್ಕಿದೆ. ಒಂದು ಉಳಿದಿದೆ, ಕಂದು ಬಣ್ಣ, ಬಿಳಿ ಪಾದ. ಹೆಣ್ಣು ಅಂತ ಯಾರೂ ಒಯ್ದಿಲ್ಲ. ಸುಂಟಿಕೊಪ್ಪ, ಮಾದಾಪುರ, ಸೋಮವಾರಪೇಟೆ ಕಡೆಯವರು ಯಾರಾದರೂ ಸಾಕ್ತೀರಾದರೆ ಹೇಳಿ, ಮೊದಲ ಎರಡು ತಿಂಗಳ ಊಟ ಜೊತೆಗೇ ಕಳಿಸ್ತೀನಿ.