ಹೊಸ ಸವಾರ ಮತ್ತು ಸಂದಿಯ ಸೆಳೆತ

ಶ್ರೋತೃಗಳಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಹೊಸದಾಗಿ ಬೈಕು ಕಲಿತವರು ಕ್ಲಚ್ಚು, ಗೇರುಗಳಿಗಿಂತ ಬೇಗ ರೂಢಿಸಿಕೊಳ್ಳುವ ಒಂದು ಅಭ್ಯಾಸವಿದೆ. ಅದು ಸಂದಿಯಲ್ಲಿ ನುಗ್ಗುವುದು. ಬಸ್ಸಿಗೂ ಕಾರಿಗೂ ನಡುವೆ ಒಂದೆರಡು ಮೊಳ ಜಾಗ ಕಂಡರೆ ಸಾಕು, ಅಲ್ಲಿ ಹ್ಯಾಂಡಲ್ ತೂರಿಸಬೇಕೆನಿಸುತ್ತದೆ. ಹಿಂದಿನವರು ಹಾರ್ನ್ ಒತ್ತುತ್ತಿರುತ್ತಾರೆ, ಪಕ್ಕದ ಸ್ಕೂಟರಿನವರು ಆಗಲೇ ಮುಂದೆ ಹೋಗಿರುತ್ತಾರೆ, ತಾನೊಬ್ಬನೇ ನಿಂತರೆ ಓಡಿಸಲು ಬಾರದವನೆಂದು ಎಲ್ಲರೂ ತಿಳಿಯುತ್ತಾರೇನೋ ಎಂಬ ಸಂಕೋಚವೂ ಸೇರಿಕೊಳ್ಳುತ್ತದೆ. ಈ ಊರಿನ ರಸ್ತೆಗಳಲ್ಲಿ ಮೂವತ್ತು ವರ್ಷಗಳಿಂದ ದ್ವಿಚಕ್ರ ವಾಹನ ಓಡಿಸಿರುವ ನನಗೆ, ಹೊಸ ಸವಾರರನ್ನು ಆಸ್ಪತ್ರೆಗೆ ಕಳಿಸುವ ಕಾರಣಗಳಲ್ಲಿ ಈ ಸಂಕೋಚವೂ ಒಂದೆಂದು ಅನ್ನಿಸಿದೆ.

ಕಳೆದ ವರ್ಷ ನನ್ನ ತಂಗಿಯ ಮಗ ಬೈಕು ಕಲಿತ. ಒಂದು ಬೆಳಗ್ಗೆ ಅವನು ಮುಂದೆ, ನಾನು ನನ್ನ ಸ್ಕೂಟರಿನಲ್ಲಿ ಹಿಂದೆ, ಬನಶಂಕರಿಯ ಕಡೆಗೆ ಹೋಗುತ್ತಿದ್ದೆವು. ಸಿಗ್ನಲ್ಲಿನಲ್ಲಿ ಬಸ್ಸೊಂದು ನಿಂತಿತ್ತು. ಬಸ್ಸಿಗೂ ಫುಟ್‌ಪಾತಿನ ಕಲ್ಲಿಗೂ ನಡುವೆ ಬೈಕು ಹಿಡಿಸುವಷ್ಟು ಜಾಗವಿತ್ತು. ಹುಡುಗ ಅದರೊಳಗೆ ಹೋಗಿ ಬಸ್ಸಿನ ನಡುಭಾಗದ ಪಕ್ಕಕ್ಕೆ ನಿಂತ. ಸಿಗ್ನಲ್ ಬಿಟ್ಟ ಕೂಡಲೇ ಬಸ್ಸು ಎಡಕ್ಕೆ ತಿರುಗತೊಡಗಿತು. ಮುಂದಿನ ಚಕ್ರ ಅವನಿಂದ ದೂರವೇ ಇತ್ತು, ಆದರೆ ಬಸ್ಸಿನ ತಗಡು ಸ್ವಲ್ಪಸ್ವಲ್ಪವಾಗಿ ಅವನ ಮೊಣಕೈ ಕಡೆಗೆ ಬರತೊಡಗಿತು. ಫುಟ್‌ಪಾತಿನಲ್ಲಿದ್ದ ಹೂವಿನ ವ್ಯಾಪಾರದ ಹೆಂಗಸು ಜೋರಾಗಿ ಕೂಗಿ ಬಸ್ಸಿನ ಮೈ ತಟ್ಟಿದ್ದರಿಂದ ಚಾಲಕರು ಬ್ರೇಕು ಹಾಕಿದರು. ಹಿಂದಿನ ಚಕ್ರಕ್ಕೂ ಹುಡುಗನ ಪಾದಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಆಮೇಲೆ ಅವನು ಹೇಳಿದ್ದು ಇಷ್ಟೇ: "ಮಾವ, ಡ್ರೈವರ್ ನನ್ನನ್ನು ನೋಡಿರ್ತಾರೆ ಅಂದ್ಕೊಂಡಿದ್ದೆ."

ಅವರು ನೋಡಿರಲಿಲ್ಲ, ನೋಡುವುದು ಸಾಧ್ಯವೂ ಇರಲಿಲ್ಲ. ನಮ್ಮ ದೇಶದಲ್ಲಿ ಚಾಲಕರು ಬಲಗಡೆ ಕೂರುತ್ತಾರೆ. ಸುಮಾರು 12 ಮೀಟರ್ ಉದ್ದದ ಬಸ್ಸಿನ ಎಡಮಗ್ಗುಲಿಗೆ ಅಂಟಿಕೊಂಡಂತೆ ನಿಂತ ಬೈಕು ಅವರ ಕಣ್ಣಿಗೆ ನೇರವಾಗಿ ಕಾಣುವುದಿಲ್ಲ, ಕನ್ನಡಿಯಲ್ಲಿಯೂ ಅದಕ್ಕೆ ಸಿಗುವುದು ಸಣ್ಣ ಜಾಗ. ಇನ್ನೊಂದು ಸಂಗತಿಯನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ಉದ್ದನೆಯ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರ ಹೋದ ದಾರಿಯಲ್ಲಿ ಹೋಗುವುದಿಲ್ಲ; ತಿರುವಿನ ಒಳಗಡೆಗೆ ಒತ್ತಿಕೊಂಡು ಬರುತ್ತವೆ. ಆದ್ದರಿಂದ ಬಸ್ಸಿನ ಮೂತಿ ಸಾಗಿ ಹೋದಾಗ ಇದ್ದ ಸಂದಿ, ಅದರ ಹಿಂಭಾಗ ಬರುವ ಹೊತ್ತಿಗೆ ಇರುವುದೇ ಇಲ್ಲ. ನೀರಿನ ಟ್ಯಾಂಕರ್, ಕಾಂಕ್ರೀಟ್ ಲಾರಿ, ಟಿಪ್ಪರ್ ಎಲ್ಲಕ್ಕೂ ಇದೇ ಲೆಕ್ಕ. ಇಂತಹ ವಾಹನದ ಎಡಗಡೆಯಿಂದ ಮುಂದೆ ಹೋಗಲೇಬಾರದು. ಸಿಗ್ನಲ್ಲಿನಲ್ಲಿ ಅದರ ಹಿಂದೆ, ಚಾಲಕರ ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣುವಂತೆ ನಿಲ್ಲಬೇಕು. ಅವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ.

ಹಾಗಾದರೆ ಮುಂದಿನ ವಾಹನದಿಂದ ಎಷ್ಟು ದೂರ ಇರಬೇಕು ಎಂಬ ಪ್ರಶ್ನೆ ಬರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಅಪಾಯವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈ ಬ್ರೇಕನ್ನು ಒತ್ತುವುದಕ್ಕೆ ಎಚ್ಚರವಾಗಿರುವ ಸವಾರನಿಗೂ ಒಂದು ಸೆಕೆಂಡಾದರೂ ಬೇಕು. ಆಮೇಲೆ ಒಣಗಿದ ಒಳ್ಳೆಯ ಡಾಂಬರಿನ ಮೇಲೂ ನಿಲ್ಲುವುದಕ್ಕೆ ಇನ್ನೂ ಸುಮಾರು 10 ಮೀಟರ್ ಬೇಕಾಗುತ್ತದೆ. ವೇಗ 60ಕ್ಕೆ ಏರಿದರೆ ಬೇಕಾಗುವ ಒಟ್ಟು ದೂರ 21 ಮೀಟರಿನಿಂದ ಹೆಚ್ಚುಕಡಿಮೆ 40 ಮೀಟರಿಗೆ ಹೋಗುತ್ತದೆ, ಏಕೆಂದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಮುಂದಿನ ವಾಹನ ಒಂದು ವಿದ್ಯುತ್ ಕಂಬವನ್ನು ದಾಟಿದ ಮೇಲೆ ನೀವು ಆ ಕಂಬವನ್ನು ತಲುಪುವುದಕ್ಕೆ ಎರಡು ಸೆಕೆಂಡಾದರೂ ಹಿಡಿಯಬೇಕು. ಆ ಜಾಗದೊಳಗೆ ಬೇರೆಯವರು ಬಂದು ಸೇರಿಕೊಳ್ಳುತ್ತಾರೆ ಎಂದು ನೀವು ಹೇಳಬಹುದು, ಸೇರಿಕೊಳ್ಳುತ್ತಾರೆ, ನಿಜ. ಆಗ ಆಕ್ಸಿಲರೇಟರನ್ನು ಸ್ವಲ್ಪ ಸಡಿಲಿಸಿ ಮತ್ತೆ ಅಷ್ಟೇ ಜಾಗ ಬಿಡಬೇಕು. ಕಚೇರಿಗೆ ಎರಡು ನಿಮಿಷ ತಡವಾಗುತ್ತದೆ, ಅಷ್ಟೇ.

ಬ್ರೇಕಿನ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಮನೆಮನೆಯಲ್ಲೂ ಇದೆ. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ, ಹಿಂದಿನದನ್ನೇ ತುಳಿ ಎಂದು ಅಣ್ಣಂದಿರು ತಮ್ಮಂದಿರಿಗೆ ಹೇಳಿಕೊಡುತ್ತಾರೆ. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಮುಂದಿನ ಚಕ್ರ ನೆಲವನ್ನು ಬಲವಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಬರುವುದು ಮುಂದಿನ ಬ್ರೇಕಿನಿಂದಲೇ. ಹಿಂದಿನದನ್ನು ಮಾತ್ರ ಜೋರಾಗಿ ತುಳಿದರೆ, ಹಗುರವಾದ ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿ ಪಕ್ಕಕ್ಕೆ ಜಾರುತ್ತದೆ. ಮುಂದಿನ ಲಿವರನ್ನು ಒಮ್ಮೆಲೇ ಜಗ್ಗದೆ, ನಿಂಬೆಹಣ್ಣು ಹಿಂಡುವಂತೆ ಮೆಲ್ಲಗೆ ಶುರುಮಾಡಿ ಬಿಗಿ ಹೆಚ್ಚಿಸುತ್ತಾ ಹೋಗಬೇಕು, ಜೊತೆಗೆ ಹಿಂದಿನದನ್ನೂ ಬಳಸಬೇಕು, ಗಾಡಿ ವಾಲದೆ ನೇರವಾಗಿರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಕಟ್ಟಿಹೋಗದಂತೆ ಅದು ತಡೆಯುತ್ತದೆ ನಿಜ, ಆದರೆ ಮರಳು ಬಿದ್ದ ರಸ್ತೆಯಲ್ಲಿ ಬೇಗ ನಿಲ್ಲಿಸುವ ಮಂತ್ರವೇನೂ ಅದರಲ್ಲಿಲ್ಲ. ಇದನ್ನು ಕೇಳಿ ತಿಳಿದರೆ ಸಾಲದು, ಕೈಗೆ ಬರಬೇಕು. ಭಾನುವಾರ ಬೆಳಗ್ಗೆ ಆರು ಗಂಟೆಗೆ ನಿಮ್ಮ ಬಡಾವಣೆಯ ಖಾಲಿ ರಸ್ತೆಯಲ್ಲಿ 20ರ ವೇಗದಿಂದ, ಆಮೇಲೆ 30ರಿಂದ, ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಹತ್ತಿರ ನಿಲ್ಲಿಸುವುದನ್ನು ಇಪ್ಪತ್ತು ಸಲ ಮಾಡಿ. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಸಿಕ್ಕಿ 30 ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ಆ 30 ದಿನಗಳನ್ನು ಇಂತಹ ಅಭ್ಯಾಸಕ್ಕೆ ಕೊಡಿ. ಎಲ್ ಬೋರ್ಡ್ ಇರುವವರೆಗೆ, ಕಲಿಸಿಕೊಡುವವರನ್ನು ಬಿಟ್ಟು ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ.

ರಸ್ತೆಯಲ್ಲಿ ಏನನ್ನು ನೋಡಬೇಕು ಎಂಬುದೂ ಕಲಿಯಬೇಕಾದ ವಿದ್ಯೆ. ಆಟೋ ಇಂಡಿಕೇಟರ್ ಹಾಕುತ್ತದೆಯೋ ಇಲ್ಲವೋ ಎಂದು ಕಾಯಬೇಡಿ, ಅದರ ಮುಂದಿನ ಚಕ್ರವನ್ನು ನೋಡಿ. ಚಕ್ರ ತಿರುಗುವುದಕ್ಕೂ ಮೊದಲೇ ಎಡಗಡೆ ಕೈ ಚಾಚಿ ನಿಂತ ಪ್ರಯಾಣಿಕರು ನಿಮಗೆ ಕಂಡಿದ್ದರೆ ಇನ್ನೂ ಒಳ್ಳೆಯದು. ಗಾಂಧಿ ಬಜಾರಿನಂತಹ ಕಡೆ, ನಿಲ್ಲಿಸಿದ ಕಾರುಗಳ ಸಾಲಿನ ಪಕ್ಕದಲ್ಲಿ ಹೋಗುವಾಗ ಒಂದು ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಟ್ಟು ಹೋಗಿ, ಕಾರಿನೊಳಗೆ ಯಾರಾದರೂ ಕೂತಿದ್ದಾರೆಯೇ ಎಂದು ಗಮನಿಸಿ. ನಿಂತ ಬಸ್ಸಿನ ಮುಂದಿನಿಂದ ಜನ ದಾಟುತ್ತಾರೆ ಎಂಬುದನ್ನು ಖಂಡಿತವೆಂದೇ ಇಟ್ಟುಕೊಳ್ಳಿ. ಗುಂಡಿ ಕಂಡಾಗ ಅದನ್ನೇ ದಿಟ್ಟಿಸಿದರೆ ಗಾಡಿ ಅದರೊಳಗೇ ಹೋಗುತ್ತದೆ. ಕಣ್ಣು ಹೋದ ಕಡೆಗೆ ಕೈ ಹೋಗುತ್ತದೆ, ಆದ್ದರಿಂದ ಗುಂಡಿಯ ಪಕ್ಕದ ದಾರಿಯನ್ನು ನೋಡಬೇಕು. ಪಕ್ಕಕ್ಕೆ ಸರಿಯುವ ಮುನ್ನ ಕನ್ನಡಿ ನೋಡಿ, ಆಮೇಲೆ ಹೆಗಲ ಮೇಲಿಂದ ಒಮ್ಮೆ ತಿರುಗಿ ನೋಡಿ. ಅಂದಗೆಡುತ್ತದೆ ಎಂದು ಕನ್ನಡಿ ಬಿಚ್ಚಿಟ್ಟವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬೆಂಗಳೂರಿನ ಮಳೆಗೆ ಬೇರೆಯೇ ಎಚ್ಚರ ಬೇಕು. ಏಪ್ರಿಲ್ ಹೊತ್ತಿಗೆ ಬರುವ ಮೊದಲ ಮಳೆಯಲ್ಲಿ, ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತಿದ್ದ ಎಣ್ಣೆ ಮತ್ತು ದೂಳು ನೀರಿನ ಜೊತೆ ಸೇರಿ ಲೋಳೆಯಂತಾಗುತ್ತದೆ. ಜೋರು ಮಳೆ ಅದನ್ನು ತೊಳೆದುಕೊಂಡು ಹೋಗುವ ತನಕ, ಅಂದರೆ ಮೊದಲ ಕೆಲವು ನಿಮಿಷಗಳಲ್ಲೇ, ಗಾಡಿ ಹೆಚ್ಚಾಗಿ ಸ್ಕಿಡ್ ಆಗುತ್ತದೆ. ಅದೇ ಕಾಲಕ್ಕೆ ಗುಲ್‌ಮೊಹರ್ ಮರಗಳ ಕೆಳಗೆ ಹೂವು ಹಾಸಿರುತ್ತದೆ, ನೋಡಲು ಚೆಂದ; ಚಕ್ರಕ್ಕೆ ಸಿಕ್ಕಿ ಜಜ್ಜಿದ ಒದ್ದೆ ಹೂವು ಬಾಳೆಹಣ್ಣಿನ ಸಿಪ್ಪೆಯಂತೆಯೇ ಜಾರಿಸುತ್ತದೆ. ಮೆಟ್ರೊ ಕಾಮಗಾರಿಯ ಹತ್ತಿರ ಹಾಸಿದ ಕಬ್ಬಿಣದ ಹಲಗೆ, ಮ್ಯಾನ್‌ಹೋಲಿನ ಮುಚ್ಚಳ, ಬಿಳಿ ಬಣ್ಣದ ಪಟ್ಟಿ ಇವುಗಳ ಮೇಲೆ ಬ್ರೇಕು ಹಿಡಿಯದೆ, ಗಾಡಿಯನ್ನು ವಾಲಿಸದೆ ನೇರವಾಗಿ ದಾಟಬೇಕು. ಹೊಸ ಕಾಂಕ್ರೀಟ್ ರಸ್ತೆಗೂ ಹಳೆಯ ಡಾಂಬರಿಗೂ ನಡುವೆ ಉಳಿದ ಮೆಟ್ಟಿಲಿನಂತಹ ಅಂಚನ್ನು ಅದರ ಉದ್ದಕ್ಕೂ ಸವರಿಕೊಂಡು ಹತ್ತಲು ಹೋಗಬೇಡಿ, ವೇಗ ತಗ್ಗಿಸಿ ಆದಷ್ಟು ಅಡ್ಡಲಾಗಿ ಹತ್ತಿ. ಮಳೆ ಜೋರಾದಾಗ ಮೇಲ್ಸೇತುವೆಯ ಕೆಳಗೆ ರಸ್ತೆಯಲ್ಲೇ ಗುಂಪಾಗಿ ನಿಲ್ಲುವ ರೂಢಿ ನಮ್ಮಲ್ಲಿದೆ. ಮಬ್ಬಿನಲ್ಲಿ ವೇಗವಾಗಿ ಬರುವ ಕಾರಿನವರಿಗೆ ಆ ಗುಂಪು ಕೊನೆಯ ಗಳಿಗೆಯಲ್ಲಿ ಕಾಣುತ್ತದೆ. ಅಂಗಡಿಯ ಮುಂದೆಯೋ ಪೆಟ್ರೋಲ್ ಬಂಕಿನಲ್ಲೋ ರಸ್ತೆ ಬಿಟ್ಟು ನಿಲ್ಲಿ. ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ, ಮುಂದಿನವರು ದಾಟಿದರೂ ಸರಿ, ನೀವು ಇಳಿಯಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರೇ ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದನ್ನು ಈ ಊರು ಮರೆತಿರಲಾರದು.

ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹೇಳುವ ಅಗತ್ಯ ಈಗ ಅಷ್ಟಿಲ್ಲ. ಎಂಥದ್ದು, ಹೇಗೆ ಎಂದು ಹೇಳಬೇಕಾಗಿದೆ. ತಲೆಯ ಅರ್ಧವನ್ನಷ್ಟೇ ಮುಚ್ಚುವ ಟೊಪ್ಪಿ ದಂಡವನ್ನು ತಪ್ಪಿಸಬಹುದು, ದವಡೆಯನ್ನು ಉಳಿಸುವುದಿಲ್ಲ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವಂತೆಯೇ ಇಲ್ಲ. ಆದ್ದರಿಂದ ಪೂರ್ತಿ ಮುಖ ಮುಚ್ಚುವ, ಗುರುತಿರುವ ಹೆಲ್ಮೆಟ್ಟನ್ನೇ ಕೊಳ್ಳಿ. ಗಲ್ಲದ ಪಟ್ಟಿಯನ್ನು ಬಿಗಿದು, ಎರಡು ಬೆರಳಿಗಿಂತ ಹೆಚ್ಚು ತೂರದಂತೆ ನೋಡಿಕೊಳ್ಳಿ. ಪಟ್ಟಿ ಹಾಕದ ಹೆಲ್ಮೆಟ್ ತಲೆ ನೆಲಕ್ಕೆ ಬಡಿಯುವ ಮುಂಚೆಯೇ ಹಾರಿಹೋಗುತ್ತದೆ. ಹಿಂದೆ ಕೂರುವವರಿಗೂ ನಮ್ಮ ರಾಜ್ಯದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ.

ಮೈಸೂರಿಗೆ ಹೋಗುವ ಆಸೆಯುಳ್ಳ ಹೊಸ ಸವಾರರು ಒಂದು ವಿಷಯ ತಿಳಿದಿರಲಿ: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಕೊನೆಯದಾಗಿ ಒಂದು ಮಾತು, ಬೈಕು ಓಡಿಸುವವರಿಗಲ್ಲ, ಮನೆಯಲ್ಲಿ ಅವರಿಗಾಗಿ ಕಾಯುವವರಿಗೆ. ಹೆಲ್ಮೆಟ್ಟಿನೊಳಗೆ ಕಿವಿಗೆ ಫೋನು ಸಿಕ್ಕಿಸಿಕೊಂಡು, ಕತ್ತು ಓರೆ ಮಾಡಿ ಓಡಿಸುವ ಹುಡುಗರನ್ನು ನಾವು ದಿನವೂ ನೋಡಿ ಬೈಯುತ್ತೇವೆ. ಆ ಫೋನಿನ ಆಚೆ ಬದಿಯಲ್ಲಿ ಬಹಳ ಸಲ ಇರುವವರು ನಾವೇ. ಮಗ ಅಥವಾ ಮಗಳು ಕಚೇರಿಯಿಂದ ಹೊರಟೆ ಎಂದು ಹೇಳಿದ ಮೇಲೆ, ದಯವಿಟ್ಟು "ಎಲ್ಲಿದ್ದೀಯ, ಯಾಕಿಷ್ಟು ಹೊತ್ತು" ಎಂದು ಕರೆ ಮಾಡಬೇಡಿ. ನನ್ನ ತಂಗಿ ಈಗ ಹಾಗೆ ಮಾಡುವುದಿಲ್ಲ. ಗೇಟಿನ ಸದ್ದು ಕೇಳುವ ತನಕ ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲಿಟ್ಟು ಕಾಯುತ್ತಾಳೆ.

ನಮಸ್ಕಾರ.