ಹೋದ ಪ್ಯಾಕೆಟ್ ವಾಪಸ್ ಬರೋ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೂತು ಆಫೀಸ್ ಕೆಲಸ ಮಾಡೋರಿಗೆ ವಿಪಿಎನ್ ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ, ಮನೆಯಿಂದ ಆಫೀಸ್ ನೆಟ್‌ವರ್ಕ್ ಒಳಗೆ ಹೋಗೋ ಬೀಗ ಹಾಕಿದ ದಾರಿ ಅದು. ಲ್ಯಾಪ್‌ಟಾಪ್ ತೆಗೀತೀರಿ, ಪಾಸ್‌ವರ್ಡ್ ಹಾಕ್ತೀರಿ, ಫೋನಿಗೆ ಬಂದ ಓಟಿಪಿ ಹೊಡೀತೀರಿ, ಮೂಲೇಲಿ ಹಸಿರು ಬಣ್ಣದಲ್ಲಿ ಕನೆಕ್ಟೆಡ್ ಅಂತ ಬರತ್ತೆ. ಆದ್ರೆ ಒಂದೊಂದು ದಿನ ಹಸಿರೇನೋ ಇರತ್ತೆ, ಫೈಲ್ ಮಾತ್ರ ಓಪನ್ ಆಗಲ್ಲ, ಸುಮ್ನೆ ಚಕ್ರ ತಿರುಗ್ತಾ ಇರತ್ತೆ. ಬಿಟ್ಟು ಮತ್ತೆ ಕನೆಕ್ಟ್ ಮಾಡಿದ್ರೆ ಸರಿಹೋಗತ್ತೆ. ಯಾಕೆ ಸರಿಹೋಯ್ತು ಅಂತ ಯಾರೂ ಕೇಳೋಕೆ ಹೋಗಲ್ಲ, ಕೆಲಸ ಆಯ್ತಲ್ಲ ಅಂತ ಮುಂದೆ ಹೋಗ್ತೀವಿ. ನಾನು ಇವತ್ತು ಆ "ಯಾಕೆ" ಬಗ್ಗೆನೇ ಮಾತಾಡ್ಬೇಕು ಅಂತ ಬಂದಿದೀನಿ.

ನೀವು ಕನೆಕ್ಟ್ ಆದಾಗ ನಿಮ್ಮ ಲ್ಯಾಪ್‌ಟಾಪಿಗೂ ಆಫೀಸ್ ನೆಟ್‌ವರ್ಕಿನ ಬಾಗಿಲಲ್ಲಿರೋ ಗೇಟ್‌ವೇ ಅನ್ನೋ ಮಷಿನ್ನಿಗೂ ಮಧ್ಯೆ ಒಂದು ಟನಲ್ ಆಗತ್ತೆ, ಅಂದ್ರೆ ನೀವು ಕಳಿಸೋ ಡೇಟಾದ ಒಂದೊಂದು ತುಂಡನ್ನ, ಅದೇ ಪ್ಯಾಕೆಟ್ಟನ್ನ, ಬೀಗ ಹಾಕಿ ಇನ್ನೊಂದು ಪ್ಯಾಕೆಟ್ ಒಳಗಿಟ್ಟು ಕಳಿಸೋದು. ಜೊತೆಗೆ ಗೇಟ್‌ವೇ ನಿಮಗೊಂದು ಒಳಗಿನ ಅಡ್ರೆಸ್ ಕೊಡತ್ತೆ, ಆಫೀಸ್ ಒಳಗೆ ನಿಮ್ಮನ್ನ ಎಲ್ರೂ ಗುರುತಿಸೋದು ಅದ್ರಿಂದಾನೇ. ಯಾವ ಪ್ಯಾಕೆಟ್ ಟನಲ್ಲಿಗೆ ಹೋಗ್ಬೇಕು, ಯಾವ್ದು ನೇರ ಇಂಟರ್ನೆಟ್ಟಿಗೆ ಹೋಗ್ಬೇಕು ಅಂತ ಹೇಳೋದು ರೂಟಿಂಗ್ ಟೇಬಲ್. ಅಲ್ಲಿ ಒಂದೇ ನಿಯಮ, ಒಂದೇ ಅಡ್ರೆಸ್ಸಿಗೆ ಎರಡು ರೂಟ್ ಹೊಂದಿದ್ರೆ ಹೆಚ್ಚು ನಿಖರವಾಗಿ ಹೇಳೋ ರೂಟೇ ಗೆಲ್ಲತ್ತೆ. ಓಪನ್‌ವಿಪಿಎನ್ ಅನ್ನೋ ವಿಪಿಎನ್ ಸಾಫ್ಟ್‌ವೇರ್ ಇದನ್ನ ಎಷ್ಟು ಚೆನ್ನಾಗಿ ಬಳಸ್ಕೊಳತ್ತೆ ನೋಡಿ. ಎಲ್ಲಾ ಟ್ರಾಫಿಕ್ ಟನಲ್ಲಿಗೆ ತರ್ಬೇಕಾದ್ರೂ ಹಳೇ ಡೀಫಾಲ್ಟ್ ರೂಟ್, ಅಂದ್ರೆ ಬೇರೆ ಯಾವ ರೂಟೂ ಹೊಂದದಿದ್ದಾಗ ಹಿಡಿಯೋ ದಾರಿ, ಅಳಿಸ್ದೇ ಇಡೋ ಒಂದು ಸೆಟ್ಟಿಂಗ್ ಅದ್ರಲ್ಲಿದೆ, ಇಡೀ ಇಂಟರ್ನೆಟ್ಟನ್ನ ಎರಡು ಅರ್ಧ ಮಾಡಿ 0.0.0.0/1 ಒಂದು, 128.0.0.0/1 ಒಂದು ಅಂತ ಎರಡು ರೂಟ್ ಹಾಕತ್ತೆ. ಓರೆಗೆರೆ ಆದ್ಮೇಲಿರೋ ನಂಬರ್ ದೊಡ್ಡದಾದಷ್ಟೂ ರೂಟ್ ಹೆಚ್ಚು ನಿಖರ. ಅರ್ಧ ಅಂದ್ರೂ ಪೂರ್ತಿಗಿಂತ ನಿಖರ, ಹಾಗಾಗಿ ಅವೇ ಗೆಲ್ತವೆ. ಟನಲ್ ಬಿದ್ರೆ ಅವೆರಡೂ ಹೋಗ್ತವೆ, ಹಳೇದು ಇದ್ದಲ್ಲೇ ಇರತ್ತೆ. ಈ ನಿಯಮ ನೆನಪಲ್ಲಿಟ್ಕೊಳಿ, ಆಮೇಲೆ ಬೇಕಾಗತ್ತೆ.

ಈಗ ಲೋಡ್ ವಿಷಯ. 2020ರ ಮಾರ್ಚಲ್ಲಿ ಜಗತ್ತಿನ ತುಂಬಾ ಆಫೀಸುಗಳು ಒಂದೇ ಸಲ ಮನೆಗೆ ಹೋದವು, ಹತ್ತರಲ್ಲಿ ಒಬ್ರು ದೂರದಿಂದ ಕೆಲಸ ಮಾಡ್ತಾರೆ ಅಂತ ಲೆಕ್ಕ ಹಾಕಿಟ್ಟಿದ್ದ ಗೇಟ್‌ವೇಗೆ ಹತ್ತಕ್ಕೆ ಹತ್ತೂ ಜನ ಬಂದ್ರೆ ಅದು ಹೇಗ್ ತಡ್ಕೊಳತ್ತೆ. ಒಂದು ಸಾಲ್ದು ಅಂದ್ರೆ ಎರಡು ಇಡಿ, ಎದುರಿಗೊಂದು ಲೋಡ್ ಬ್ಯಾಲೆನ್ಸರ್, ಅಂದ್ರೆ ಬಂದೋರನ್ನ ಎರಡಕ್ಕೂ ಹಂಚೋ ಮಷಿನ್, ಇಡಿ ಅಂತಾರೆ. ವೆಬ್‌ಸೈಟಿಗೆ ಇದು ಸುಲಭ, ಒಂದು ಪೇಜ್ ಈ ಸರ್ವರ್ ಕೊಟ್ರೂ ಒಂದೇ, ಆ ಸರ್ವರ್ ಕೊಟ್ರೂ ಒಂದೇ. ವಿಪಿಎನ್ ಹಾಗಲ್ಲ. ನಿಮ್ಮ ಜೊತೆ ಮಾತಾಡೋ ಕೀ ಇರೋದು ನೀವು ಕನೆಕ್ಟ್ ಆದ ಆ ಒಂದೇ ಗೇಟ್‌ವೇ ಮೆಮೊರೀಲಿ, ಪಕ್ಕದ್ದಕ್ಕೆ ನಿಮ್ಮ ಪ್ಯಾಕೆಟ್ ಹೋದ್ರೆ ಬಿಚ್ಚೋಕಾಗದೆ ಎಸೆದುಬಿಡತ್ತೆ. ಐಪಿಸೆಕ್ ಅನ್ನೋ ಬಗೆಯ ವಿಪಿಎನ್ ಆದ್ರೆ ಮಾತುಕತೆ ಶುರುವಾಗೋದು ಯುಡಿಪಿ ಅನ್ನೋ ಕಳಿಸೋ ವಿಧಾನದ 500ನೇ ಪೋರ್ಟಲ್ಲಿ, ಅಂದ್ರೆ 500ನೇ ನಂಬರಿನ ಕಿಂಡೀಲಿ, ಮಧ್ಯೆ ನ್ಯಾಟ್, ಅಂದ್ರೆ ಪ್ಯಾಕೆಟ್ಟಿನ ಅಡ್ರೆಸ್ ಬದಲಾಯಿಸೋ ವ್ಯವಸ್ಥೆ, ಇದೆ ಅಂತ ಗೊತ್ತಾದ್ರೆ 4500ಕ್ಕೆ ಹೋಗತ್ತೆ, ಲೋಡ್ ಬ್ಯಾಲೆನ್ಸರ್ ಇವೆರಡನ್ನೂ ಬೇರೆ ಬೇರೆ ಅಂತ ತಿಳ್ಕೊಂಡು ಒಂದನ್ನ ಅಲ್ಲಿಗೆ ಒಂದನ್ನ ಇಲ್ಲಿಗೆ ಕಳಿಸಿದ್ರೆ ಕನೆಕ್ಷನ್ನೇ ಆಗಲ್ಲ. ಅದಕ್ಕೆ ಸೋರ್ಸ್ ಅಡ್ರೆಸ್, ಅಂದ್ರೆ ಪ್ಯಾಕೆಟ್ ಯಾವ ಅಡ್ರೆಸ್ಸಿಂದ ಬಂತು ಅಂತ ನೋಡಿ ಒಬ್ಬರನ್ನ ಒಂದೇ ಕಡೆ ಕಟ್ಟಿಹಾಕ್ತಾರೆ. ಅದ್ರಲ್ಲೂ ತೊಂದರೆ ಇದೆ, ಮೊಬೈಲ್ ಇಂಟರ್ನೆಟ್ಟಲ್ಲಿ ಒಂದೇ ಪಬ್ಲಿಕ್ ಅಡ್ರೆಸ್ ಹಿಂದೆ ಎಷ್ಟೋ ಜನ ಇರ್ತಾರೆ, ಅಷ್ಟೂ ಜನ ಒಂದೇ ಗೇಟ್‌ವೇ ಮೇಲೆ ಬೀಳ್ತಾರೆ.

ಇದೆಲ್ಲಾ ಒಳಗೆ ಬರೋ ದಾರಿ ಕಥೆ, ಇದನ್ನ ಎಲ್ರೂ ನೋಡ್ತಾರೆ. ನಾನು ಪೆಟ್ಟು ತಿಂದಿದ್ದು ವಾಪಸ್ ಹೋಗೋ ದಾರೀಲಿ.

ನಾನು ಕೆಲಸ ಮಾಡ್ತಿದ್ದ ಒಂದು ಕಡೆ ಎರಡನೇ ಗೇಟ್‌ವೇ ಹೊಸದಾಗಿ ಹಾಕಿದ್ವಿ. ವಿಪಿಎನ್ ಜನಕ್ಕೆ ಅಂತ 10.20.0.0/16 ಇಟ್ಟಿದ್ವಿ, ಅದನ್ನ ಎರಡು ಪಾಲು ಮಾಡಿ ಮೊದಲ ಅರ್ಧ ಹಳೇ ಗೇಟ್‌ವೇಗೆ, 10.20.128ರಿಂದ ಮುಂದಿನ ಅರ್ಧ ಹೊಸದಕ್ಕೆ ಕೊಟ್ವಿ. ಮಾರನೇ ದಿನದಿಂದ ಫೋನ್ ಮೇಲೆ ಫೋನ್. ಕನೆಕ್ಟ್ ಆಗತ್ತೆ, ಏನೂ ಓಪನ್ ಆಗಲ್ಲ. ನಾಲ್ಕು ದಿನ ನಾವು ನಿಮ್ಮ ಮನೆ ಇಂಟರ್ನೆಟ್ ಸರಿ ಇಲ್ಲ, ರೂಟರ್ ಆಫ್ ಮಾಡಿ ಆನ್ ಮಾಡಿ ಅಂತ ಹೇಳಿ ಕಳಿಸಿದ್ವಿ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗತ್ತೆ, ಅವರ ಕಡೆ ಏನೂ ತಪ್ಪಿರ್ಲಿಲ್ಲ. ಅಕೌಂಟ್ಸ್ ವಿಭಾಗದ ಒಬ್ರು ಮೇಡಂ ಮಾತ್ರ ಸುಮ್ನಿರ್ಲಿಲ್ಲ, ಪ್ರತಿ ಸಲ ಕನೆಕ್ಟ್ ಆದಾಗ ಸ್ಕ್ರೀನ್ ಮೇಲೆ ಬರೋ ಅಡ್ರೆಸ್ಸನ್ನ ಒಂದು ಚೀಟೀಲಿ ಬರೀತಾ ಹೋಗಿದ್ರು. "ಸರ್, 10.20.0 ಅಂತ ಬಂದ್ರೆ ಕೆಲಸ ಆಗತ್ತೆ, 10.20.128 ಅಂತ ಬಂದ್ರೆ ಒಂದು ಸಲಾನೂ ಆಗಿಲ್ಲ" ಅಂದ್ರು.

ಆವಾಗ ಹೋಗಿ ಹೊಸ ಗೇಟ್‌ವೇ ಮೇಲೆ, ಬಂದು ಹೋಗೋ ಪ್ಯಾಕೆಟ್ಟನ್ನೆಲ್ಲಾ ತೋರಿಸೋ ಟಿಸಿಪಿಡಂಪ್ ಹಾಕಿ ಕೂತೆ. ಅವರ ಲ್ಯಾಪ್‌ಟಾಪಿಂದ ಸಿನ್ ಪ್ಯಾಕೆಟ್, ಅಂದ್ರೆ ಕನೆಕ್ಷನ್ ಶುರು ಮಾಡೋಣ ಅಂತ ಕೇಳೋ ಮೊದಲ ಪ್ಯಾಕೆಟ್, ಬಂತು, ಫೈಲ್ ಸರ್ವರ್ ಕಡೆ ಹೋಯ್ತು. ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ, ಆಮೇಲೆ ಎರಡು ಸೆಕೆಂಡ್ ಬಿಟ್ಟು ಮತ್ತೆ ಅದೇ, ಉತ್ತರ ಇಲ್ಲ. ಸರ್ವರ್ ಸತ್ತಿದ್ಯಾ ಅಂದ್ರೆ ಇಲ್ಲ, ಬೇರೆಯವ್ರೆಲ್ಲಾ ಕೆಲಸ ಮಾಡ್ತಿದಾರೆ. ಹಳೇ ಗೇಟ್‌ವೇ ಮೇಲೂ ಹಾಕಿ ನೋಡಿದ್ರೆ ಸರ್ವರ್ ಕೊಟ್ಟ ಉತ್ತರ ಅಲ್ಲಿಗೆ ಬರ್ತಾ ಇದೆ, ಸಾಲಾಗಿ ಬಂದು ಬೀಳ್ತಾ ಇದೆ! ಹಳೇ ಗೇಟ್‌ವೇಗೆ 10.20.128ರ ಯಾರೂ ಗೊತ್ತಿಲ್ಲ, ಟನಲ್ಲೂ ಇಲ್ಲ, ಬಂದಿದ್ದನ್ನೆಲ್ಲಾ ಎಸೀತಿತ್ತು. ಆಫೀಸ್ ಒಳಗೆ ಪ್ಯಾಕೆಟ್ಟಿಗೆ ದಾರಿ ತೋರಿಸೋ ಕೋರ್ ಸ್ವಿಚ್ಚಲ್ಲಿ ಇಡೀ 10.20.0.0/16ಗೆ ಒಂದೇ ರೂಟ್ ಇತ್ತು, ಅದು ಹಳೇ ಗೇಟ್‌ವೇ ಕಡೆ ಬೆರಳು ತೋರಿಸ್ತಿತ್ತು. ಬಾಗಿಲು ಎರಡು ಮಾಡಿದ್ವಿ, ಒಳಗಿದ್ದೋರಿಗೆ ಎರಡನೇ ಬಾಗಿಲು ಇದೆ ಅಂತಾನೇ ಹೇಳಿರ್ಲಿಲ್ಲ.

ಒಂದೇ ಲೈನ್ ಸೇರಿಸಿದ್ದು, 10.20.128.0/17 ಹೊಸ ಗೇಟ್‌ವೇಗೆ ಅಂತ. ಆಗ್ಲೇ ಹೇಳಿದ್ನಲ್ಲ, ನಿಖರವಾದ ರೂಟ್ ಗೆಲ್ಲತ್ತೆ ಅಂತ, ಹಳೇ ರೂಟ್ ಮುಟ್ಟೋ ಅಗತ್ಯಾನೇ ಬರ್ಲಿಲ್ಲ. ಗೇಟ್‌ವೇನಲ್ಲೇ ಎಲ್ರ ಅಡ್ರೆಸ್ಸನ್ನ ನ್ಯಾಟ್ ಮಾಡಿ ಅದರದೇ ಅಡ್ರೆಸ್ ಹಾಕಿಬಿಡಿ, ಉತ್ತರ ತಾನಾಗೇ ವಾಪಸ್ ಬರತ್ತೆ ಅಂತ ಹೇಳೋರೂ ಇದಾರೆ. ನಂಗದು ಇಷ್ಟ ಇಲ್ಲ, ಸರ್ವರ್ ಲಾಗಲ್ಲಿ ಎಲ್ರೂ ಒಬ್ರೇ ಆಗಿಬಿಡ್ತಾರೆ, ನಾಳೆ ಏನಾದ್ರೂ ಅನಾಹುತ ಆದ್ರೆ ಯಾರು ಬಂದಿದ್ರು ಅಂತ ಗೇಟ್‌ವೇ ಲಾಗ್ ಹುಡುಕಿ ತಾಳೆ ಹಾಕ್ತಾ ಕೂರ್ಬೇಕು. ಒಬ್ಬರಿಗೆ ಎಲ್ಲಿಂದ ಬಂದ್ರೂ ಅದೇ ಅಡ್ರೆಸ್ ಬೇಕು ಅಂದ್ರೆ ಮಾತ್ರ ಗೇಟ್‌ವೇನೇ ಓಎಸ್‌ಪಿಎಫ್ ಅಥವಾ ಬಿಜಿಪಿ ಅನ್ನೋ, ರೂಟ್ ಒಬ್ರಿಗೊಬ್ರು ಹೇಳ್ಕೊಳೋ ಪದ್ಧತಿ ಮೂಲಕ ಇವರು ನನ್ನ ಹತ್ರ ಇದಾರೆ ಅಂತ ಒಬ್ಬೊಬ್ಬರಿಗೂ /32 ರೂಟ್, ಅಂದ್ರೆ ಒಂದೇ ಅಡ್ರೆಸ್ಸಿನ ರೂಟ್, ಸಾರೋ ಹಾಗೆ ಮಾಡ್ಬೇಕಾಗತ್ತೆ.

ಇನ್ನೊಂದು ಮಾತು ಗೇಟ್‌ವೇ ನೋಡ್ಕೊಳೋರಿಗೆ. ಎರಡೂ ಗೇಟ್‌ವೇ ಶೇಕಡ 70 ಓಡ್ತಿದ್ರೆ ನಿಮ್ಮ ಹತ್ರ ಎರಡು ಗೇಟ್‌ವೇ ಇಲ್ಲ, ಒಂದು ಬಿದ್ರೆ ಉಳಿದಿದ್ದರ ಮೇಲೆ ಶೇಕಡ 140 ಬೀಳತ್ತೆ. ಅದೂ ನಿಧಾನಕ್ಕಲ್ಲ, ಬಿದ್ದೋರೆಲ್ಲಾ ಒಂದೇ ನಿಮಿಷದಲ್ಲಿ ಮತ್ತೆ ಲಾಗಿನ್ ಆಗೋಕೆ ಬರ್ತಾರೆ, ಪಾಸ್‌ವರ್ಡ್ ನೋಡೋ ಸರ್ವರ್ರೂ ಅವತ್ತೇ ಮಲಗತ್ತೆ.

ಮನೇಲಿ ಕೂತು ಕೆಲಸ ಮಾಡೋರಿಗೆ ನಾನು ಕೇಳ್ಕೊಳೋದು ಇಷ್ಟೇ. ಮುಂದಿನ ಸಲ ಹಸಿರು ಇದ್ದೂ ಏನೂ ಓಪನ್ ಆಗ್ಲಿಲ್ಲ ಅಂದ್ರೆ, ಡಿಸ್ಕನೆಕ್ಟ್ ಒತ್ತೋಕೆ ಮುಂಚೆ ನಿಮಗೆ ಸಿಕ್ಕ ಒಳಗಿನ ಅಡ್ರೆಸ್ ಮತ್ತೆ ಟೈಮು, ಎರಡನ್ನೂ ಬರೆದಿಟ್ಟು ಹೆಲ್ಪ್‌ಡೆಸ್ಕಿಗೆ ಕೊಡಿ. ಒಮ್ಮೆ ಡಿಸ್ಕನೆಕ್ಟ್ ಮಾಡಿದ್ರೆ ಆ ಅಡ್ರೆಸ್ ಇನ್ಯಾರಿಗೋ ಹೋಗಿರಬಹುದು. ನಮಸ್ಕಾರ.